ದನದ ರಕ್ತದಲ್ಲಿ ಔಷಧದ ಮಟ್ಟ ಅಳೆಯುವಾಗ ನಂಬರ್ ತಪ್ಪಿದರೆ: ಎಲ್ಲಿಂದ ಹುಡುಕಬೇಕು?

ಮಲೆನಾಡಿನ ಕೊಟ್ಟಿಗೆಗಳಿಂದ ಬರುವ ರಕ್ತದ ಟ್ಯೂಬ್‌ಗಳನ್ನು ಎಚ್‌ಪಿಎಲ್‌ಸಿ (ದ್ರವದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರಕ್ಕೆ ಹಾಕಿ, ಎನ್ರೋಫ್ಲಾಕ್ಸಾಸಿನ್, ಆಕ್ಸಿಟೆಟ್ರಾಸೈಕ್ಲಿನ್, ಮೆಲೋಕ್ಸಿಕ್ಯಾಮ್, ಐವರ್‌ಮೆಕ್ಟಿನ್ ಇಂಥ ಔಷಧಗಳ ಮಟ್ಟ ನೋಡುವವರಿಗೆ ಈ ಬರಹ. ಪಶುವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳು, ಲ್ಯಾಬ್ ಟೆಕ್ನಿಷಿಯನ್‌ಗಳು, ರಕ್ತ ತೆಗೆದು ಕಳಿಸುವ ಊರಿನ ಪಶುವೈದ್ಯರು ಎಲ್ಲರಿಗೂ ಉಪಯೋಗಕ್ಕೆ ಬರಬೇಕು ಎಂಬುದು ಆಸೆ.

ನಂಬರ್ ತಪ್ಪಿದ ಕೂಡಲೇ ಎಲ್ಲರ ಕೈ ಯಂತ್ರದ ಕಡೆಗೆ ಹೋಗುತ್ತದೆ. ಕಾಲಂ (ವಸ್ತುಗಳು ಬೇರ್ಪಡುವ ಕೊಳವೆ) ಬಿಚ್ಚುತ್ತಾರೆ, ಲ್ಯಾಂಪ್ ಬದಲಿಸುತ್ತಾರೆ, ಸರ್ವಿಸ್ ಎಂಜಿನಿಯರ್‌ಗೆ ಫೋನ್ ಮಾಡುತ್ತಾರೆ. ನನ್ನ ಅನುಭವದಲ್ಲಿ ಬಹಳಷ್ಟು ಸಲ ತಪ್ಪು ಇರುವುದು ಅಲ್ಲಲ್ಲ. ಅದು ಟ್ಯೂಬ್‌ನಲ್ಲಿ, ರಕ್ತ ತೆಗೆದ ಜಾಗದಲ್ಲಿ ಅಥವಾ ಜೊತೆಗೆ ಬಂದ ಚೀಟಿಯಲ್ಲಿ ಇರುತ್ತದೆ. ಅದನ್ನು ನೋಡಲು ದುಡ್ಡು ಬೇಡ. ಹಾಗಾಗಿ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಮೊದಲು ಮೂರು ವಯಲ್

ಲಕ್ಷಣ ಯಾವುದೇ ಇರಲಿ, ಮೂರು ವಯಲ್ (ಸಣ್ಣ ಶೀಶೆ) ತಯಾರಿಸಿ ಹಾಕಿ ನೋಡಿ. ಒಂದನೆಯದು ಮೊಬೈಲ್ ಫೇಸ್‌ನಲ್ಲಿ (ಯಂತ್ರದಲ್ಲಿ ಹರಿಯುವ ದ್ರಾವಣದಲ್ಲಿ) ಕರಗಿಸಿದ ಬರೀ ಸ್ಟ್ಯಾಂಡರ್ಡ್, ಅಂದರೆ ಪ್ರಮಾಣ ಗೊತ್ತಿರುವ ಶುದ್ಧ ಔಷಧ. ಎರಡನೆಯದರಲ್ಲಿ ಔಷಧ ಕೊಡದ ಹಸುವಿನ ಪ್ಲಾಸ್ಮಾಕ್ಕೆ (ರಕ್ತಕಣ ತೆಗೆದ ಮೇಲೆ ಉಳಿಯುವ ದ್ರವಕ್ಕೆ) ಸ್ಟ್ಯಾಂಡರ್ಡ್ ಸೇರಿಸಿ, ಸ್ಯಾಂಪಲ್‌ಗೆ ಮಾಡುವ ಎಲ್ಲ ಕೆಲಸ ಮಾಡಿ. ಮೂರನೆಯದರಲ್ಲಿ ಅದೇ ಪ್ಲಾಸ್ಮಾವನ್ನು ಮೊದಲು ತಯಾರಿಸಿಕೊಂಡು, ಕೊನೆಗೆ ಸ್ಟ್ಯಾಂಡರ್ಡ್ ಸೇರಿಸಿ. ಮೂರರಲ್ಲೂ ಕೊನೆಗೆ ಔಷಧದ ಪ್ರಮಾಣ ಒಂದೇ ಆಗುವಂತೆ ಲೆಕ್ಕ ಹಾಕಿಕೊಳ್ಳಿ.

ಒಂದನೆಯದೇ ಕೆಟ್ಟಿದ್ದರೆ ತೊಂದರೆ ಯಂತ್ರದ್ದು ಅಥವಾ ಸ್ಟ್ಯಾಂಡರ್ಡ್‌ನದು. ಒಂದು ಮತ್ತು ಮೂರು ಸರಿ ಇದ್ದು ಎರಡು ಮಾತ್ರ ಕಡಿಮೆ ಬಂದರೆ, ಔಷಧ ತಯಾರಿಯ ಹಂತದಲ್ಲಿ ಕಳೆದುಹೋಗುತ್ತಿದೆ. ಮೂರನೆಯದೂ ಕಡಿಮೆ ಬಂದರೆ ಪ್ಲಾಸ್ಮಾದ ಬೇರೆ ಅಂಶಗಳು ಅಳತೆಗೆ ಅಡ್ಡ ಬರುತ್ತಿವೆ. ಮೂರೂ ಸರಿ ಇದ್ದು ಹಳ್ಳಿಯಿಂದ ಬಂದ ಟ್ಯೂಬ್ ಮಾತ್ರ ವಿಚಿತ್ರವಾಗಿದ್ದರೆ, ಯಂತ್ರಕ್ಕೆ ಕೈ ಹಚ್ಚಬೇಡಿ. ಫೋನ್ ತೆಗೆದುಕೊಳ್ಳಿ.

ಕೈ ಹಚ್ಚುವ ಮುಂಚೆ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಜಿಲ್ಲೆಯಲ್ಲಿದೆ. ಅದು ಹರಡುವುದು ಉಣುಗುಗಳಿಂದ. ಕಾಡಿಗೆ ಮೇಯಲು ಹೋಗುವ ದನದ ಮೈಮೇಲೆ ಉಣುಗು ಇದ್ದೇ ಇರುತ್ತದೆ, ಒಮ್ಮೊಮ್ಮೆ ಸ್ಯಾಂಪಲ್ ಡಬ್ಬಿಯೊಳಗೂ ಬಂದುಬಿಡುತ್ತದೆ. ಬರಿಗೈಯಲ್ಲಿ ಹಿಸುಕಬೇಡಿ. ಚಿಮಟದಿಂದ ಹಿಡಿದು ಸ್ಪಿರಿಟ್‌ಗೆ ಹಾಕಿ.

ಗ್ಲೌಸ್ ಇಲ್ಲದೆ ರಕ್ತ ಮುಟ್ಟಬೇಡಿ. ಗಬ್ಬ ಕಳೆದುಕೊಂಡ ಹಸುವಿನ ರಕ್ತ ಎಂದರೆ ಬ್ರುಸೆಲ್ಲಾ (ಜನರಿಗೂ ಹರಡುವ ರೋಗಾಣು) ಇರಬಹುದು ಎಂದುಕೊಂಡೇ ಕೆಲಸ ಮಾಡಿ. ಸೆಂಟ್ರಿಫ್ಯೂಜ್ ನಿಂತ ಮೇಲೆ ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ. ಒಳಗೆ ಟ್ಯೂಬ್ ಒಡೆದಿದ್ದರೆ ಅರ್ಧ ಗಂಟೆ ಕಾಯಿರಿ. ದಿಢೀರ್ ಸತ್ತ ದನ, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಎಂದು ಚೀಟಿಯಲ್ಲಿದ್ದರೆ ಆ ಟ್ಯೂಬ್ ತೆರೆಯಲೇಬೇಡಿ. ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಪಶುಪಾಲನಾ ಇಲಾಖೆಗೆ ತಿಳಿಸಿ.

ಪ್ಲಾಸ್ಮಾದ ಪ್ರೋಟೀನ್ ತೆಗೆಯಲು, ಮೊಬೈಲ್ ಫೇಸ್‌ಗೆ ಬಳಸುವ ದ್ರಾವಕ ಅಸಿಟೋನೈಟ್ರೈಲ್ ಬಗ್ಗೆ ಒಂದು ಮಾತು. ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ದೇಹಕ್ಕೆ ಹೋದರೆ ನಿಧಾನವಾಗಿ ಸಯನೈಡ್ ಆಗುತ್ತದೆ, ಲಕ್ಷಣ ಕಾಣಲು ಎಷ್ಟೋ ಗಂಟೆ ಹಿಡಿಯಬಹುದು. "ಈಗ ಏನೂ ಆಗಿಲ್ಲ, ಆರಾಮಾಗಿದ್ದೀನಿ" ಎಂದು ಮನೆಗೆ ಹೋಗಬೇಡಿ. ಬಾಯಿಗೆ ಹೋಗಿದ್ದರೆ ಅಥವಾ ಮೈಮೇಲೆ ಜಾಸ್ತಿ ಚೆಲ್ಲಿದ್ದರೆ ಸೀದಾ ಆಸ್ಪತ್ರೆಗೆ ಹೋಗಿ, ಬಾಟಲಿಯ ಲೇಬಲ್‌ನ ಫೋಟೋ ಜೊತೆಗಿರಲಿ. ಇನ್ನೊಂದು: ಪ್ರೋಟೀನ್ ತೆಗೆಯಲು ಆಸಿಡ್ ಬಳಸಿದ ಟ್ಯೂಬ್‌ಗಳಿಗೆ ಬ್ಲೀಚ್ ಸುರಿಯಬೇಡಿ, ಕ್ಲೋರಿನ್ ಅನಿಲ ಬರುತ್ತದೆ.

ಲಕ್ಷಣ: ಪ್ಲಾಸ್ಮಾ ಕೆಂಪಾಗಿದೆ, ಅಥವಾ ಗಟ್ಟಿಗಟ್ಟಿಯಾಗಿದೆ

ಕೆಂಪು ಬಣ್ಣ ಎಂದರೆ ರಕ್ತಕಣ ಒಡೆದಿವೆ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದಿರಬಹುದು. ಸಿರಿಂಜ್‌ನಿಂದ ಟ್ಯೂಬ್‌ಗೆ ಸೂಜಿ ಸಮೇತ ಒತ್ತಿ ಹಾಕಿರಬಹುದು. ಹೊಸನಗರದಿಂದಲೋ ತೀರ್ಥಹಳ್ಳಿ ಕಡೆಯಿಂದಲೋ ಬಸ್ಸಿನಲ್ಲಿ ಕುಲುಕಿಕೊಂಡು ಬಂದಿರಬಹುದು. ಜಾಸ್ತಿ ಕಾಣುವ ಕಾರಣ ಇನ್ನೊಂದಿದೆ. ರಕ್ತದ ಟ್ಯೂಬನ್ನು ನೇರ ಐಸ್‌ಗೆ ತಾಗಿಸಿ ಇಟ್ಟಿರುತ್ತಾರೆ. ರಕ್ತ ಐಸ್‌ನಂತೆ ಗಟ್ಟಿಯಾಗುವಷ್ಟು ತಣ್ಣಗಾದರೆ ಕಣಗಳು ಒಡೆಯುತ್ತವೆ. ಟ್ಯೂಬ್‌ಗೂ ಐಸ್ ಪ್ಯಾಕ್‌ಗೂ ನಡುವೆ ಬಟ್ಟೆ ಇರಬೇಕು. ಸಾಧ್ಯವಾದರೆ ಊರಿನ ಪಶು ಆಸ್ಪತ್ರೆಯಲ್ಲೇ ಸೆಂಟ್ರಿಫ್ಯೂಜ್ ಮಾಡಿಸಿ ಪ್ಲಾಸ್ಮಾ ಮಾತ್ರ ತರಿಸಿಕೊಳ್ಳಿ.

ನಸುಗೆಂಪು ಇದ್ದರೆ ಟಿಪ್ಪಣಿ ಬರೆದು ಮುಂದುವರಿಯಬಹುದು. ಆದರೆ ಅಷ್ಟೇ ಕೆಂಪಾದ, ಔಷಧವಿಲ್ಲದ ಪ್ಲಾಸ್ಮಾವನ್ನೂ ಜೊತೆಗೆ ಓಡಿಸಿ ನೋಡಬೇಕು. ಗಾಢ ಕೆಂಪಿದ್ದರೆ ಬೇರೆ ಸ್ಯಾಂಪಲ್ ಕೇಳಿ. ಒಂದು ಎಚ್ಚರಿಕೆ: ಬೇಬೀಸಿಯಾ (ರಕ್ತಕಣ ಒಡೆಯುವ ಪರಾವಲಂಬಿ) ಇರುವ ದನದ ಪ್ಲಾಸ್ಮಾ ರೋಗದಿಂದಲೇ ಕೆಂಪಾಗಿರುತ್ತದೆ. ತೆಗೆದವರ ಮೇಲೆ ತಪ್ಪು ಹೊರಿಸುವ ಮುಂಚೆ ದನದ ಮೂತ್ರದ ಬಣ್ಣ ಹೇಗಿತ್ತು ಎಂದು ಕೇಳಿ.

ಹೆಪಾರಿನ್ ಪ್ಲಾಸ್ಮಾ ಫ್ರೀಜರ್‌ನಿಂದ ತೆಗೆದಾಗ ಎಳೆ ಎಳೆಯಾಗಿ ಕಂಡರೆ ಅದು ಫೈಬ್ರಿನ್, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್. ಇನ್ನೊಮ್ಮೆ ಸೆಂಟ್ರಿಫ್ಯೂಜ್ ಮಾಡಿ ಮೇಲಿನದನ್ನು ತೆಗೆದುಕೊಳ್ಳಿ. ಪಿಪೆಟ್ ತುದಿಗೆ ಎಳೆ ಸಿಕ್ಕಿದರೆ 200 ಮೈಕ್ರೋಲೀಟರ್ ಎಂದುಕೊಂಡದ್ದು 150 ಆಗಿರುತ್ತದೆ.

ಲಕ್ಷಣ: ನಂಬಲಾಗದಷ್ಟು ಜಾಸ್ತಿ

ಇಲ್ಲಿ ನಿಧಾನವಾಗಿ ಯೋಚಿಸಬೇಕು. ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಎನ್ರೋಫ್ಲಾಕ್ಸಾಸಿನ್ ದೇಹದೊಳಗೆ ಚೆನ್ನಾಗಿ ಹರಡುವ ಔಷಧ. ಕೆಜಿಗೆ 5 ಮಿಲಿಗ್ರಾಂ ಕೊಟ್ಟು, ಅದು ಕೆಜಿಗೆ ಒಂದೇ ಲೀಟರ್ ಜಾಗದಲ್ಲಿ ಹರಡಿತು ಎಂದುಕೊಂಡರೂ ಒಂದು ಮಿಲಿ ರಕ್ತಕ್ಕೆ 5 ಮೈಕ್ರೋಗ್ರಾಂ ಆಗುತ್ತದೆ. ನಿಜವಾಗಿ ಅದಕ್ಕಿಂತ ಜಾಸ್ತಿ ಜಾಗದಲ್ಲಿ ಹರಡುತ್ತದೆ, ಹಾಗಾಗಿ ಮಟ್ಟ ಇನ್ನೂ ಕಡಿಮೆ ಇರಬೇಕು. ಹರಡಿದ ಮೇಲೂ ನಿಮ್ಮ ಯಂತ್ರ 30 ತೋರಿಸಿದರೆ ಅದು ಹಸುವಿನ ದೇಹದ ಮಟ್ಟ ಅಲ್ಲ.

ಆಗ ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಇಂಜೆಕ್ಷನ್ ಕತ್ತಿನ ಯಾವ ಕಡೆ ಕೊಟ್ರಿ, ರಕ್ತ ಯಾವ ಕಡೆ ತೆಗೆದ್ರಿ?" ಎಡಗಡೆಯ ನಾಳಕ್ಕೆ ಔಷಧ ಕೊಟ್ಟು ಎಡಗಡೆಯಿಂದಲೇ ರಕ್ತ ತೆಗೆದರೆ, ನಾಳದ ಗೋಡೆಯಲ್ಲಿ, ಸುತ್ತಲಿನ ಮಾಂಸದಲ್ಲಿ, ಕ್ಯಾನುಲಾದೊಳಗೆ (ನಾಳದಲ್ಲಿ ಬಿಡುವ ಸಣ್ಣ ಕೊಳವೆಯೊಳಗೆ) ಉಳಿದ ಔಷಧ ರಕ್ತದ ಜೊತೆ ಬರುತ್ತದೆ. ಒಂದು ಹನಿ ಸಾಕು. ಔಷಧ ಒಂದು ಕಡೆ, ರಕ್ತ ಇನ್ನೊಂದು ಕಡೆ. ಇದನ್ನು ಸ್ಯಾಂಪಲ್ ಚೀಟಿಯ ಮೇಲೇ ಅಚ್ಚು ಹಾಕಿಸಿ.

ಮುಂದಿನದು ಲೆಕ್ಕ. ತಪ್ಪು ಸರಿಯಾಗಿ 4 ಪಟ್ಟು, 10 ಪಟ್ಟು ಅಥವಾ 1000 ಪಟ್ಟು ಇದ್ದರೆ ಯಂತ್ರ ನೋಡುವುದೇ ಬೇಡ. ಯಂತ್ರ ಹಾಗೆ ಗುಂಡಾದ ಸಂಖ್ಯೆಯಲ್ಲಿ ತಪ್ಪುವುದಿಲ್ಲ. 200 ಮೈಕ್ರೋಲೀಟರ್ ಪ್ಲಾಸ್ಮಾಕ್ಕೆ 600 ಅಸಿಟೋನೈಟ್ರೈಲ್ ಹಾಕಿದರೆ 4 ಪಟ್ಟು ತೆಳುವಾಗುತ್ತದೆ. ಆದರೆ ಕ್ಯಾಲಿಬ್ರೇಷನ್ ಸ್ಯಾಂಪಲ್‌ಗಳನ್ನೂ (ಹೋಲಿಸಿ ಅಳೆಯಲು ಬಳಸುವ, ಮಟ್ಟ ಗೊತ್ತಿರುವ ಸ್ಯಾಂಪಲ್‌ಗಳನ್ನೂ) ಪ್ಲಾಸ್ಮಾದಲ್ಲೇ ಹೀಗೇ ತಯಾರಿಸಿದ್ದರೆ ಮತ್ತೆ 4ರಿಂದ ಗುಣಿಸಬಾರದು. ಗುಣಿಸುವವರು ತುಂಬ ಜನ. 1000 ಪಟ್ಟು ಎಂದರೆ ನ್ಯಾನೋಗ್ರಾಂ, ಮೈಕ್ರೋಗ್ರಾಂ ಅದಲುಬದಲಾಗಿದೆ.

ಎಲ್ಲ ಸ್ಯಾಂಪಲ್‌ಗಳೂ ಸಮನಾಗಿ 5ರಿಂದ 10 ಶೇಕಡಾ ಜಾಸ್ತಿ ಇದ್ದರೆ ಸ್ಟ್ಯಾಂಡರ್ಡ್ ಪುಡಿ ನೋಡಿ. ಆಕ್ಸಿಟೆಟ್ರಾಸೈಕ್ಲಿನ್‌ನ ಅಣುತೂಕ 460.4, ಅದರ ಹೈಡ್ರೋಕ್ಲೋರೈಡ್‌ನದು 496.9. ಈ ವ್ಯತ್ಯಾಸ ಮರೆತರೆ ಫಲಿತಾಂಶ ಸುಮಾರು 8 ಶೇಕಡಾ ಮೇಲೆ ಹೋಗುತ್ತದೆ. ನಮ್ಮ ಕಡೆ ಜುಲೈ ತಿಂಗಳಲ್ಲಿ ಗಾಳಿಯೇ ಒದ್ದೆ. ತೇವ ಹೀರುವ ಪುಡಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಮುಚ್ಚಳ ತೆರೆದರೆ ಅದು ನೀರು ಕುಡಿಯುತ್ತದೆ, ಆಮೇಲೆ ನೀವು ತೂಗುವುದು ಔಷಧದ ಜೊತೆ ನೀರನ್ನು. ಬಾಟಲಿ ಡೆಸಿಕೇಟರ್‌ನಲ್ಲಿ (ತೇವ ತಗುಲದ ಒಣ ಡಬ್ಬಿಯಲ್ಲಿ) ಕೋಣೆಯ ಬಿಸಿಗೆ ಬರಲಿ, ಆಮೇಲೆ ತೆರೆಯಿರಿ.

ಎಲ್ಲ ಸರಿ ಇದ್ದೂ ಎರಡು ಪಟ್ಟು ಬಂದರೆ? ಆ ಎರಡು ಪಟ್ಟು ನಿಜವೇ ಇರಬಹುದು. ಮಲೆನಾಡು ಗಿಡ್ಡ ಸಣ್ಣ ಹಸು. ಕಣ್ಣಂದಾಜಿಗೆ 200 ಕೆಜಿ ಎಂದು ಡೋಸ್ ಕೊಟ್ಟಿರುತ್ತಾರೆ. ಟೇಪ್ ಹಿಡಿದು ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಹಿಂದಿನ ಚಪ್ಪೆಯ ಮೂಳೆ ತನಕ ಉದ್ದ ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕೆಜಿ ಸಿಗುತ್ತದೆ. ಸುತ್ತಳತೆ 45, ಉದ್ದ 36 ಇದ್ದರೆ 110 ಕೆಜಿ. ಡೋಸ್ ಹತ್ತಿರ ಹತ್ತಿರ ಎರಡು ಪಟ್ಟು ಆಗಿತ್ತು ಎಂದಾಯಿತು. ಲ್ಯಾಬ್ ಸರಿಯಾಗಿಯೇ ಹೇಳಿದೆ. ಇದನ್ನು ಡಾಕ್ಟರಿಗೆ ತಿಳಿಸುವುದು ನಮ್ಮ ಕೆಲಸ, ಸುಮ್ನೆ ಬಿಡಬಾರದು.

ಲಕ್ಷಣ: ಔಷಧ ಕೊಟ್ಟಿದ್ದಾರೆ, ರಕ್ತದಲ್ಲಿ ಇಲ್ಲ

ಹೊತ್ತು ನೋಡಿ. ಚೀಟಿಯಲ್ಲಿ "ಬೆಳಿಗ್ಗೆ" ಎಂದಷ್ಟೇ ಇದ್ದರೆ ಅದು ಉಪಯೋಗವಿಲ್ಲ. ಎನ್ರೋಫ್ಲಾಕ್ಸಾಸಿನ್ ದನದಲ್ಲಿ ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಕೊಟ್ಟ ಗಂಟೆ, ತೆಗೆದ ಗಂಟೆ ಎರಡೂ ನಿಮಿಷ ಸಮೇತ ಬೇಕು.

ಟ್ಯೂಬ್‌ನ ಮುಚ್ಚಳದ ಬಣ್ಣ ನೋಡಿ. ಹಳದಿ ಮುಚ್ಚಳದ ಟ್ಯೂಬ್‌ನಲ್ಲಿರುವ ಜೆಲ್ ಕೆಲವು ಔಷಧಗಳನ್ನು, ಅದರಲ್ಲೂ ಕೊಬ್ಬಿನಲ್ಲಿ ಕರಗುವಂಥವನ್ನು, ಹೀರಿಕೊಳ್ಳಬಹುದು. ಹಸಿರು ಮುಚ್ಚಳದ ಹೆಪಾರಿನ್ ಅಥವಾ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಆಗಬಹುದು. ಯಾವುದೋ ಒಂದನ್ನೇ ಕೊನೆತನಕ ಬಳಸಿ, ಕ್ಯಾಲಿಬ್ರೇಷನ್‌ಗೂ ಅದೇ ಇರಲಿ.

ಆಮೇಲೆ ಕರೆಂಟ್. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ಎಲ್ಲರಿಗೂ ಗೊತ್ತು. ಶನಿವಾರ ರಾತ್ರಿ ಹೋಗಿ ಸೋಮವಾರಕ್ಕೆ ಬಂದಿದ್ದರೆ, ಫ್ರೀಜರ್ ಮತ್ತೆ −20 ತೋರಿಸುತ್ತದೆ, ಒಳಗಿದ್ದ ಪ್ಲಾಸ್ಮಾ ಮಾತ್ರ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರುತ್ತದೆ. ಇದಕ್ಕೆ ಖರ್ಚಿಲ್ಲದ ಉಪಾಯ ಇದೆ. ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ನಾಣ್ಯ ಕೆಳಗಿಳಿದಿದ್ದರೆ ಐಸ್ ಕರಗಿತ್ತು ಎಂದರ್ಥ. ಪೆನಿಸಿಲಿನ್ ಗುಂಪಿನ ಔಷಧಗಳು −20ರಲ್ಲೂ ನಿಧಾನವಾಗಿ ಕೆಡುತ್ತವೆ. ಅವುಗಳಿಗೆ −70 ಬೇಕು, ಇಲ್ಲವೇ ಬೇಗ ಅಳೆದು ಮುಗಿಸಬೇಕು.

ಬೆಳಕು ಕೂಡ ಕಾರಣ ಇರಬಹುದು. ಎನ್ರೋಫ್ಲಾಕ್ಸಾಸಿನ್ ಬಿಸಿಲಿಗೆ ಕೆಡುತ್ತದೆ. ಕಂದು ವಯಲ್ ಇಲ್ಲದಿದ್ದರೆ ಅಲ್ಯೂಮಿನಿಯಂ ಹಾಳೆ ಸುತ್ತಿ.

ಐವರ್‌ಮೆಕ್ಟಿನ್‌ನ ಕಥೆ ಬೇರೆ. ಅದು ತಾನಾಗಿ ಬೆಳಗುವುದಿಲ್ಲ. ಮೀಥೈಲ್ ಇಮಿಡಜೋಲ್ ಮತ್ತು ಟ್ರೈಫ್ಲೋರೋ ಅಸೆಟಿಕ್ ಅನ್‌ಹೈಡ್ರೈಡ್ ಸೇರಿಸಿ ಬೆಳಗುವ ವಸ್ತುವಾಗಿ ಬದಲಿಸಿದ ಮೇಲೆ ಫ್ಲೋರೋಸೆನ್ಸ್ ಡಿಟೆಕ್ಟರ್ ಅದನ್ನು ಹಿಡಿಯುತ್ತದೆ. ಈ ಕ್ರಿಯೆಗೆ ತೇವ ಆಗಿಬರುವುದಿಲ್ಲ. ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ಪೀಕ್ (ಯಂತ್ರದ ಗ್ರಾಫ್‌ನಲ್ಲಿ ಔಷಧ ತೋರಿಸುವ ಏರು) ಮಳೆಗಾಲದಲ್ಲಿ ಕುಸಿದರೆ ಮೊದಲ ಅನುಮಾನ ಇದೇ. ಸ್ಯಾಂಪಲ್ ಪೂರ್ತಿ ಒಣಗಿದೆಯಾ ನೋಡಿ, ರಾಸಾಯನಿಕದ ಹೊಸ ಬಾಟಲಿ ತೆರೆಯಿರಿ. ಇನ್ನು ಬೆನ್ನ ಮೇಲೆ ಸುರಿಯುವ ಐವರ್‌ಮೆಕ್ಟಿನ್ ಹಾಕಿದ ಮೇಲೆ ಜೋರು ಮಳೆ ಬಂದಿತ್ತಾ ಎಂದೂ ಕೇಳಿ. ತೊಳೆದುಹೋಗಿದ್ದರೆ ರಕ್ತಕ್ಕೆ ಸೇರುವುದಾದರೂ ಹೇಗೆ?

ಲಕ್ಷಣ: ಔಷಧ ಕೊಡದ ಹಸುವಿನಲ್ಲೂ ಪೀಕ್

ಮೊದಲು ಬರೀ ಮೊಬೈಲ್ ಫೇಸ್ ಇಂಜೆಕ್ಟ್ ಮಾಡಿ. ಅದರಲ್ಲೂ ಪೀಕ್ ಬಂದರೆ ಹಿಂದಿನ ಸ್ಯಾಂಪಲ್ ಸೂಜಿಯಲ್ಲಿ ಉಳಿದಿದೆ. ಸೂಜಿ ತೊಳೆಯುವ ದ್ರಾವಣ ಬದಲಿಸಿ. ಅತಿ ಹೆಚ್ಚಿನ ಸ್ಟ್ಯಾಂಡರ್ಡ್ ಆದ ಮೇಲೆ ಹಾಕಿದ ಬ್ಲ್ಯಾಂಕ್‌ನಲ್ಲಿ (ಔಷಧವಿಲ್ಲದ ಸ್ಯಾಂಪಲ್‌ನಲ್ಲಿ) ಕಾಣುವ ಪೀಕ್, ಅಳೆಯಬಹುದಾದ ಅತಿ ಕಡಿಮೆ ಮಟ್ಟದ ಪೀಕ್‌ನ 20 ಶೇಕಡಾ ದಾಟಬಾರದು.

ಮೊಬೈಲ್ ಫೇಸ್ ಸ್ವಚ್ಛ, ಪ್ಲಾಸ್ಮಾದಲ್ಲಿ ಮಾತ್ರ ಪೀಕ್ ಎಂದರೆ ಮತ್ತೆ ಕೊಟ್ಟಿಗೆಗೆ ಹೋಗಬೇಕು. ದನಗಳು ಒಂದನ್ನೊಂದು ನೆಕ್ಕುತ್ತವೆ. ಪಕ್ಕದ ಹಸುವಿನ ಬೆನ್ನಿಗೆ ಐವರ್‌ಮೆಕ್ಟಿನ್ ಸುರಿದಿದ್ದರೆ, ನೆಕ್ಕಿದ ಹಸುವಿನ ರಕ್ತದಲ್ಲೂ ಅದು ಸಿಗುತ್ತದೆ. ಬ್ಲ್ಯಾಂಕ್ ಪ್ಲಾಸ್ಮಾವನ್ನು ಬೇರೆಯೇ ಕೊಟ್ಟಿಗೆಯಿಂದ ತನ್ನಿ. ಹಸು ಸಾಕುವ ಅಮ್ಮನನ್ನೇ ಕೇಳಿ: "ಅಮ್ಮಾ, ಈ ತಿಂಗಳು ಇದಕ್ಕೆ ಏನಾದ್ರೂ ಇಂಜೆಕ್ಷನ್, ಮಾತ್ರೆ ಕೊಡಿಸಿದ್ರಾ?" ಮೆಲ್ಲಗೆ, ಗದರಿಸದೆ ಕೇಳಿದರೆ ನಿಜ ಹೇಳುತ್ತಾರೆ.

ಎಲ್ಲ ಹೊಸ ಪೀಕೂ ತಪ್ಪಲ್ಲ. ಎನ್ರೋಫ್ಲಾಕ್ಸಾಸಿನ್ ಪಡೆದ ಹಸುವಿನಲ್ಲಿ ಅದಕ್ಕಿಂತ ತುಸು ಮುಂಚೆ ಇನ್ನೊಂದು ಪೀಕ್ ಬಂದರೆ ಅದು ಸಿಪ್ರೋಫ್ಲಾಕ್ಸಾಸಿನ್. ದೇಹವೇ ಹಾಗೆ ಬದಲಿಸುತ್ತದೆ. ಅದೂ ರೋಗಾಣು ಕೊಲ್ಲುವ ಔಷಧವೇ, ಹಾಗಾಗಿ ಅದನ್ನೂ ಅಳೆದು ವರದಿ ಮಾಡಬೇಕು. ಔಷಧ ಪಡೆದ ದನದಲ್ಲಿ ಅದು ಚೂರೂ ಕಾಣದೆ ಎನ್ರೋಫ್ಲಾಕ್ಸಾಸಿನ್ ಮಾತ್ರ ಭಾರೀ ಇದ್ದರೆ, ಇಂಜೆಕ್ಷನ್ ಕೊಟ್ಟ ಜಾಗದ ಔಷಧ ಟ್ಯೂಬ್‌ಗೆ ಬಂದಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ.

ನೋವಿನ ಔಷಧಗಳ ಪರೀಕ್ಷೆಯಲ್ಲಿ ಡೈಕ್ಲೋಫೆನಾಕ್ ಕಂಡರೆ ಎರಡು ಸಲ ಖಚಿತ ಮಾಡಿಕೊಳ್ಳಿ. ರಣಹದ್ದುಗಳನ್ನು ಕೊಲ್ಲುತ್ತದೆ ಎಂದು ಜಾನುವಾರುಗಳಿಗೆ ಅದನ್ನು 2006ರಲ್ಲೇ ನಿಷೇಧಿಸಲಾಗಿದೆ. ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಅನ್ನು 2023ರಲ್ಲಿ ನಿಷೇಧಿಸಿದರು. ಖಚಿತವಾದರೆ ಪಶುವೈದ್ಯರಿಗೆ ತಿಳಿಸಿ. ಮೆಲೋಕ್ಸಿಕ್ಯಾಮ್ ಹದ್ದುಗಳಿಗೆ ಅಪಾಯವಿಲ್ಲದ ಬದಲಿ ಔಷಧ.

ಲಕ್ಷಣ: ಪೀಕ್ ಜಾಗ ಬದಲಿಸಿದೆ

ಬೆಳಿಗ್ಗೆ 6.2 ನಿಮಿಷಕ್ಕೆ ಬಂದ ಪೀಕ್ ಮಧ್ಯಾಹ್ನ 5.8ಕ್ಕೆ ಬಂದರೆ ಕೋಣೆಯ ಬಿಸಿ ನೋಡಿ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ತುಂಬ ಅಂತರ. ಒಂದು ಡಿಗ್ರಿಗೆ ಸಾಮಾನ್ಯವಾಗಿ ಒಂದೆರಡು ಶೇಕಡಾ ಸಮಯ ಬದಲಾಗುತ್ತದೆ. ಕಾಲಂ ಓವನ್ ಇದ್ದರೆ ಹಾಕಿ.

ಎಲ್ಲ ಪೀಕ್‌ಗಳೂ ತಡವಾಗುತ್ತಿದ್ದರೆ ಹರಿವು ಅಳೆಯಿರಿ. ನಿಮಿಷಕ್ಕೆ 1 ಮಿಲಿ ಎಂದರೆ 10 ಮಿಲಿ ಫ್ಲಾಸ್ಕ್ 10 ನಿಮಿಷಕ್ಕೆ ತುಂಬಬೇಕು. ತುಂಬದಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಪಂಪ್‌ನಲ್ಲಿ ಗಾಳಿ ಇದೆ. ಟಿಶ್ಯೂ ಪೇಪರ್ ಹಿಡಿದು ಒಂದೊಂದೇ ಜೋಡಣೆ ಮುಟ್ಟಿ ನೋಡಿ. ಎನ್ರೋಫ್ಲಾಕ್ಸಾಸಿನ್ ಮಾತ್ರ ಸರಿದು ಉಳಿದವು ಅಲ್ಲೇ ಇದ್ದರೆ ಬಫರ್‌ನ (ಮೊಬೈಲ್ ಫೇಸ್‌ನ ನೀರಿನ ಭಾಗದ) ಪಿಎಚ್ ತಪ್ಪಿದೆ. ಪಿಎಚ್ ನೋಡಬೇಕಾದ್ದು ಅಸಿಟೋನೈಟ್ರೈಲ್ ಸೇರಿಸುವ ಮುಂಚೆ.

ಲಕ್ಷಣ: ಪೀಕ್‌ಗೆ ಬಾಲ, ಅಥವಾ ಎರಡು ತಲೆ

ಮೊದಲು ಬರುವ ಪೀಕ್‌ಗಳು ಮಾತ್ರ ಒಡೆದಿದ್ದರೆ, ಅಸಿಟೋನೈಟ್ರೈಲ್ ಜಾಸ್ತಿ ಇರುವ ಸ್ಯಾಂಪಲ್ ಅನ್ನು ಹಾಗೇ ಇಂಜೆಕ್ಟ್ ಮಾಡಿದ್ದೀರಿ. ನೀರು ಸೇರಿಸಿ ತೆಳು ಮಾಡಿ, ಅಥವಾ ಒಣಗಿಸಿ ಮೊಬೈಲ್ ಫೇಸ್‌ನಲ್ಲಿ ಕರಗಿಸಿ. ಎಲ್ಲವೂ ಒಡೆದಿದ್ದರೆ ಕಾಲಂ ಹೋಗಿದೆ ಅಥವಾ ಅದರ ಬಾಯಿಯ ಜಾಲರಿ ಕಟ್ಟಿದೆ. ಆಕ್ಸಿಟೆಟ್ರಾಸೈಕ್ಲಿನ್ ಲೋಹಕ್ಕೆ ಅಂಟಿಕೊಳ್ಳುವ ಸ್ವಭಾವದ್ದು, ಅದರ ಬಾಲ ಕಡಿಮೆ ಮಾಡಲು ಮೊಬೈಲ್ ಫೇಸ್‌ಗೆ ಆಕ್ಸಾಲಿಕ್ ಆಸಿಡ್ ಹಾಕುತ್ತಾರೆ. ಎನ್ರೋಫ್ಲಾಕ್ಸಾಸಿನ್‌ಗೆ ಟ್ರೈಈಥೈಲ್ ಅಮೈನ್.

ಲಕ್ಷಣ: ಪ್ರೆಷರ್ ಏರಿದೆ, ಅಥವಾ ಕುಣಿಯುತ್ತಿದೆ

ಕುಣಿಯುತ್ತಿದ್ದರೆ ಗಾಳಿ ಗುಳ್ಳೆ. ಪರ್ಜ್ ಮಾಡಿ (ದ್ರಾವಣವನ್ನು ಜೋರಾಗಿ ಹರಿಸಿ ಪಂಪ್‌ನ ಗುಳ್ಳೆ ಹೊರಹಾಕಿ), ಮೊಬೈಲ್ ಫೇಸ್‌ನ ಗಾಳಿ ತೆಗೆಯಿರಿ. ಆದರೂ ನಿಲ್ಲದಿದ್ದರೆ ಚೆಕ್ ವಾಲ್ವ್ (ದ್ರವ ಹಿಂದಕ್ಕೆ ಹೋಗದಂತೆ ತಡೆಯುವ ಕವಾಟ) ಅಂಟಿರಬಹುದು.

ಏರಿದ್ದರೆ ಪಂಪ್ ನಿಲ್ಲಿಸಿ, ಪ್ರೆಷರ್ ಸೊನ್ನೆಗೆ ಇಳಿದ ಮೇಲೆ ಡಿಟೆಕ್ಟರ್ ಕಡೆಯಿಂದ ಹಿಂದಕ್ಕೆ ಒಂದೊಂದೇ ಜೋಡಣೆ ಬಿಚ್ಚುತ್ತಾ ಬನ್ನಿ. ಪ್ರತಿ ಸಲ ಕಡಿಮೆ ಹರಿವಿನಲ್ಲಿ ಓಡಿಸಿ ನೋಡಿ. ಯಾವುದನ್ನು ಬಿಚ್ಚಿದಾಗ ಪ್ರೆಷರ್ ಬಿತ್ತೋ ಅಲ್ಲೇ ಕಟ್ಟಿದೆ. ಪ್ಲಾಸ್ಮಾ ಕೆಲಸದಲ್ಲಿ ಸಾಮಾನ್ಯವಾಗಿ ಗಾರ್ಡ್ ಕಾಲಂ (ಮುಖ್ಯ ಕಾಲಂಗೆ ಮುಂಚೆ ಇರುವ ಸಣ್ಣ ಕಾವಲು ಕಾಲಂ). ಅದನ್ನು ಬದಲಿಸುವುದು ಅಗ್ಗ, ಕಾಲಂ ಬದಲಿಸುವುದು ದುಬಾರಿ. ಫಾಸ್ಫೇಟ್ ಬಫರ್ ಇದ್ದ ಕಾಲಂಗೆ ನೇರ ಶುದ್ಧ ಅಸಿಟೋನೈಟ್ರೈಲ್ ಬಿಡಬೇಡಿ, ಉಪ್ಪು ಒಳಗೇ ಕಲ್ಲಾಗುತ್ತದೆ. ಮೊದಲು 90 ಪಾಲು ನೀರು, 10 ಪಾಲು ಅಸಿಟೋನೈಟ್ರೈಲ್‌ನಲ್ಲಿ ತೊಳೆಯಿರಿ. ಕಾಲಂ ತಿರುಗಿಸಿ ತೊಳೆಯುವುದು ತಯಾರಕರು ಒಪ್ಪಿದ್ದರೆ ಮಾತ್ರ, ಆಗಲೂ ಡಿಟೆಕ್ಟರ್‌ಗೆ ಜೋಡಿಸಬೇಡಿ.

ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಲ್ಯಾಬ್‌ನಲ್ಲಿ ಫಾಸ್ಫೇಟ್ ಬೇಡವೇ ಬೇಡ, ಫಾರ್ಮಿಕ್ ಆಸಿಡ್ ಅಥವಾ ಅಮೋನಿಯಂ ಫಾರ್ಮೇಟ್ ಬಳಸಿ.

ಎಲ್ಲಿ ನಿಲ್ಲಿಸಬೇಕು

ಲ್ಯಾಂಪ್ ಹತ್ತುತ್ತಿಲ್ಲ, ಪಂಪ್ ಒಳಗಿನಿಂದ ಸೋರುತ್ತಿದೆ, ಸುಟ್ಟ ವಾಸನೆ ಬರುತ್ತಿದೆ: ಮೇನ್ ಸ್ವಿಚ್ ಆಫ್ ಮಾಡಿ, ಎಂಜಿನಿಯರ್ ಕರೆಸಿ. ಯಂತ್ರದ ಹೊದಿಕೆ ನೀವು ಬಿಚ್ಚಬೇಡಿ. ಯುವಿ ಲ್ಯಾಂಪ್ ಅನ್ನು ಬರಿಗಣ್ಣಲ್ಲಿ ನೋಡಬೇಡಿ.

ಇನ್ನೊಂದು ನಿಲ್ಲಿಸುವ ಜಾಗ ಇದೆ. ಅದನ್ನು ಜನ ದಾಟಿಬಿಡುತ್ತಾರೆ. 2022ರ ಐಸಿಎಚ್ ಎಂ10 (ಔಷಧದ ಮಟ್ಟ ಅಳೆಯುವ ಪದ್ಧತಿಗಳ ಅಂತರರಾಷ್ಟ್ರೀಯ ಮಾರ್ಗಸೂಚಿ) ನಿಯಮದ ಪ್ರಕಾರ ಒಂದು ರನ್‌ನ (ಒಟ್ಟಿಗೆ ಓಡಿಸಿದ ಸ್ಯಾಂಪಲ್ ಗುಂಪಿನ) ಕ್ಯೂಸಿಗಳಲ್ಲಿ (ಮಟ್ಟ ಗೊತ್ತಿರುವ ತಪಾಸಣೆ ಸ್ಯಾಂಪಲ್‌ಗಳಲ್ಲಿ) ಕನಿಷ್ಠ ಮೂರನೇ ಎರಡು ಭಾಗ, ಪ್ರತಿ ಮಟ್ಟದಲ್ಲೂ ಕನಿಷ್ಠ ಅರ್ಧ, ನಿಜ ಬೆಲೆಯ 15 ಶೇಕಡಾದೊಳಗೆ ಇರಬೇಕು. ಇಲ್ಲದಿದ್ದರೆ ಆ ರನ್ ಇಡೀ ಹೋಯಿತು. ಬೇಕಾದ ನಂಬರ್ ಬರುವ ತನಕ ಅದೇ ವಯಲ್ ಮತ್ತೆ ಮತ್ತೆ ಹಾಕುವುದು, ಪೀಕ್‌ನ ಗೆರೆ ಕೈಯಲ್ಲಿ ಎಳೆದು ಹೊಂದಿಸುವುದು ರಿಪೇರಿ ಅಲ್ಲ. ಕಾರಣ ಬರೆದಿಟ್ಟು ಹೊಸದಾಗಿ ತಯಾರಿಸಿ. ಹೊಸದೂ ಅದೇ ರೀತಿ ಬಿದ್ದರೆ ವರದಿ ಕೊಡಬೇಡಿ, ಪದ್ಧತಿ ಗೊತ್ತಿರುವ ಬೇರೆ ಲ್ಯಾಬ್‌ಗೆ ಅರ್ಧ ಸ್ಯಾಂಪಲ್ ಕಳಿಸಿ.

ಕೊನೆಗೆ, ವರದಿ ಹೋದ ಮೇಲೆ ಬರುವ ಫೋನ್. "ರಕ್ತದಲ್ಲಿ ಔಷಧ ಇಲ್ಲ ಅಂದ್ರಲ್ಲ, ಇವತ್ತಿಂದ ಡೇರಿಗೆ ಹಾಲು ಹಾಕಬಹುದಾ?" ಇದಕ್ಕೆ ರಕ್ತದ ವರದಿ ನೋಡಿ ಹೂಂ ಅನ್ನಬೇಡಿ. ಹಾಲಿನಲ್ಲಿ ಔಷಧ ಇಳಿಯುವ ವೇಗವೇ ಬೇರೆ, ಕೆಚ್ಚಲಿಗೆ ಟ್ಯೂಬ್ ಹಾಕಿದ್ದರಂತೂ ರಕ್ತದಲ್ಲಿ ಹುಡುಕಿ ಪ್ರಯೋಜನವೇ ಇಲ್ಲ. ಔಷಧದ ಬಾಟಲಿಯ ಮೇಲೆ ಬರೆದ ದಿನಗಳಷ್ಟು ಹಾಲು ಹಾಕುವಂತಿಲ್ಲ ಎಂದು ಹೇಳಿ. ಅನುಮಾನ ಇದ್ದರೆ ಹಾಲನ್ನೇ ಪರೀಕ್ಷೆಗೆ ಕಳಿಸಲು ತಿಳಿಸಿ.